ಮುಂಗಾಲಿನ ಲೆಕ್ಕ

ನಮ್ಮದು ಎರಡು ಊರಿಗೆ ಒಂದೇ ವ್ಯಾನು. ಬೀಡಾಡಿ ಪ್ರಾಣಿಗಳನ್ನು ಹಿಡಿಯುವವಳು ನಾನು. ಖರ್ಚು ಯಾರದೆಂದು ತೀರ್ಮಾನಿಸಲು ಎರಡೂ ಪುರಸಭೆಗಳು ತಲೆ ಕೆಡಿಸಿಕೊಂಡು ಮಾಡಿದ ನಿಯಮವೂ ಒಂದೇ: ಹಿಡಿಯುವಾಗ ಪ್ರಾಣಿಯ ಮುಂಗಾಲು ಯಾವ ಊರಲ್ಲಿದೆಯೋ ಖರ್ಚು ಆ ಊರಿನದು. ಅದಕ್ಕೆಂದೇ ಎರಡೂ ಊರನ್ನು ಸೇರಿಸುವ ಸೇತುವೆಯ ನಡುವೆ ಬಿಳಿ ಗೆರೆ ಎಳೆದಿದ್ದಾರೆ. ಬಿಸ್ಕತ್ತು ತೋರಿಸಿ ನಾಯಿಗಳನ್ನು ಗೆರೆ ದಾಟಿಸುವುದರಲ್ಲಿ ನನ್ನ ಅಕ್ಕನ ಗಂಡನನ್ನು ಮೀರಿಸುವವರಿಲ್ಲ. ಭಾವ ಈಚೆ ಊರಿನ ಪುರಸಭೆಯ ಅಧಿಕಾರಿ.

ಅವತ್ತು ಬೆಳಿಗ್ಗೆ ತುಂಬು ಗಬ್ಬದ ಕುದುರೆಯೊಂದು ಗೆರೆಗೆ ಅಡ್ಡಲಾಗಿ ಬಿದ್ದಿತ್ತು. ತಲೆ, ಮುಂಗಾಲು ಈಚೆ, ಹಿಂಭಾಗ ಆಚೆ. ನೋವು ತಿನ್ನುತ್ತಿತ್ತು, ಮರಿ ಬರುತ್ತಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆ.

"ಯಾವ ಊರಿನವರು ಸಹಿ ಹಾಕ್ತಾರೆ ಹೇಳಮ್ಮ, ಹೊರಡ್ತೀನಿ. ತಡ ಆದ್ರೆ ಎರಡು ಜೀವಾನೂ ಉಳಿಯಲ್ಲ," ಎಂದರು.

ಭಾವ ಬಂದರು. ಆಚೆ ಊರಿನ ಅಧಿಕಾರಿಯೂ ಬಂದರು. ಬಿಸಿಲಿರಲಿ ಬಿಡಲಿ, ಕೈಯಿಂದ ಕೊಡೆ ಬಿಡದ ಅವರನ್ನು ನಾವು ಕೊಡೆರಾಯರು ಎನ್ನುತ್ತೇವೆ.

"ಇದು ಬಂದಿದ್ದು ನಿಮ್ಮ ಕಡೆಯಿಂದ ತಾನೇ?" ಭಾವ ಕೇಳಿದರು.

"ಮುಂಗಾಲು ನೋಡಿ ಸ್ವಾಮಿ. ನಿಯಮ ಬರೆದವರು ನೀವೇ," ಎಂದರು ಕೊಡೆರಾಯರು.

"ಭಾವ, ಸಹಿ ಹಾಕಿ. ಅದು ಸಾಯ್ತಿದೆ."

"ನೀನು ಸುಮ್ನಿರಮ್ಮ."

ನನಗೆ ಮೈಯೆಲ್ಲ ಉರಿಯಿತು.

ಕುದುರೆ ಒಮ್ಮೆ ನರಳಿತು. ಬಾಲದಡಿಯಿಂದ, ಗೆರೆಯ ಆಚೆ, ತೆಳುಪೊರೆಯೊಳಗೆ ಎರಡು ಪುಟ್ಟ ಗೊರಸು ಹೊರಬಂದವು. ಮುಂಗಾಲುಗಳು. ಕುದುರೆಮರಿ ಮುಂಗಾಲು ಮುಂದಿಟ್ಟೇ ಹುಟ್ಟುತ್ತದೆಂದು ನಿಯಮ ಬರೆದವರಿಗೆ ತಿಳಿದಿರಲಿಲ್ಲ. ಗೊರಸಿನ ತುದಿ ಇನ್ನೂ ಮೆತ್ತಗೆ, ಹಾಲಿನ ಬಣ್ಣ. ಇಷ್ಟು ವರ್ಷ ಪ್ರಾಣಿಗಳ ಹಿಂದೆ ಓಡಿದರೂ ಇಂಥದ್ದನ್ನು ನಾನು ಕಂಡಿರಲಿಲ್ಲ.

"ಮುಂಗಾಲು ನಮ್ಮಲ್ಲೂ ಇವೆ," ಎಂದರು ಕೊಡೆರಾಯರು, ಮೆಲ್ಲಗೆ. ಕೊಡೆ ಕೆಳಗಿಟ್ಟು ಖರ್ಚಿನ ಕಾಗದಕ್ಕೆ ಸಹಿ ಹಾಕಿ, ಅದನ್ನು ಭಾವನತ್ತ ಚಾಚಿದರು. ಅಷ್ಟರಲ್ಲಿ ಕುದುರೆಯ ಕತ್ತು ಸವರುತ್ತ ಕೂತಿದ್ದ ಭಾವ ಆ ಕೈ ತೆಗೆಯದೆ, ಅವರ ಸಹಿಯ ಕೆಳಗೇ ತಮ್ಮದನ್ನೂ ಹಾಕಿದರು.

ಸಹಿ ಆಯಿತೆಂದು ಮತ್ತೆ ಫೋನು ಮಾಡಿದೆ; ಡಾಕ್ಟರು ಹತ್ತು ನಿಮಿಷದಲ್ಲಿ ಬಂದರು. ಅವರು ಹೇಳಿದಂತೆ ಮೂವರೂ ಮರಿಯ ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಎಳೆದೆವು. ಮರಿ ಜಾರಿ ಹೊರಬಿತ್ತು, ಉಸಿರಾಡಿತು. ತಾಯಿ ತಲೆಯೆತ್ತಿ ಅದನ್ನು ನೆಕ್ಕತೊಡಗಿತು. ನಾಲ್ಕು ಸಲ ಬಿದ್ದು, ಐದನೆಯ ಸಲ ಮರಿ ಎದ್ದು ನಿಂತಿತು. "ಅಬ್ಬಾ, ಏನು ಕಾಲು," ಎಂದ ಭಾವನ ಕಣ್ಣು ತುಂಬಿತ್ತು.

ಸಂಜೆ ದಾಖಲೆ ಪುಸ್ತಕ ತೆರೆದು, ಮರಿ ಎದ್ದು ನಿಂತದ್ದು ಗೆರೆಯ ಯಾವ ಕಡೆ ಎಂದು ಇಬ್ಬರನ್ನೂ ಕೇಳಿದೆ. ನಮ್ಮ ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ.