ಅಂಬುಜಾ ತಳ್ಳಿದ ಬಾಗಿಲು

“ಕೈಯಲ್ಲಿ ಅಲ್ಲಮ್ಮಾ, ಬೆನ್ನು ಕೊಟ್ಟು ತಳ್ಳು!” ದೋಣಿಯ ಹಿಂಭಾಗದಲ್ಲಿ ನಿಂತಿದ್ದ ಪ್ರತೀಕ್ಷಾ ಕೂಗಿ ಹೇಳಿದಳು.

ಅಂಬುಜಾ ತಿರುಗಿ ನಿಂತು, ಕಾಲುವೆಗೆ ಅಡ್ಡಲಾಗಿದ್ದ ಬಾಗಿಲಿಗೆ ಜೋಡಿಸಿದ್ದ ಉದ್ದನೆಯ ಮರದ ತೊಲೆಗೆ ಬೆನ್ನು ಆನಿಸಿದಳು. ಹೊಸ ಟ್ರೆಕಿಂಗ್ ಬೂಟಿನ ಹಿಮ್ಮಡಿಯನ್ನು ನೆಲದ ಇಟ್ಟಿಗೆಗೆ ಊರಿ ಒತ್ತಿದಾಗ ಆ ಬಾಗಿಲು ಒಂದು ಕ್ಷಣ ಹಟ ಮಾಡಿ, ಆಮೇಲೆ ಸಾವಕಾಶವಾಗಿ ಸರಿಯತೊಡಗಿತು. ಲಂಡನ್ನಿನ ಅಂಚಿನ ಪಿನ್ನರ್‌ನ ಮನೆಯಿಂದ ಬೆಳಗಿನ ಟ್ಯೂಬ್ ರೈಲು ಹಿಡಿದು ಬಂದವಳು, ಮಗಳನ್ನು ಕರೆದುಕೊಂಡು ಸೀದಾ ಯೂಸ್ಟನ್ ಸ್ಟೇಷನ್ನಿಗೆ ನಡೆದು ಬೆಟ್ಟದ ಕಡೆಯ ರೈಲು ಹತ್ತುವುದು ಎಂದುಕೊಂಡಿದ್ದಳು. ಆದರೆ ಈ ಕಾಲುವೆಯಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ದೋಣಿ ಕಟ್ಟುವಂತಿಲ್ಲವಂತೆ. ಹದಿನಾಲ್ಕನೆಯ ದಿನ ಇವತ್ತೇ. ಬೆಟ್ಟಕ್ಕೆ ಹೊರಡುವ ಮೊದಲು ದೋಣಿಯನ್ನು ಲಾಕ್ ದಾಟಿಸಿ ಆಚೆ ಕಟ್ಟಬೇಕಿತ್ತು.

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ದೊಡ್ಡ ನೀರಿನ ತೊಟ್ಟಿ. ಮೇಲಿನ ಬಾಗಿಲು ಮುಚ್ಚಿ, ಕೆಳಗಿನ ಬಾಗಿಲಿನ ಕಿಂಡಿ ತೆರೆದರೆ ನೀರು ಇಳಿಯುತ್ತದೆ. ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಇನ್ನೂರು ವರ್ಷದಿಂದ ಇಲ್ಲಿ ಹೀಗೇ ನಡೆದುಕೊಂಡು ಬಂದಿದೆ. ಮೂವತ್ತು ವರ್ಷ ಲಂಡನ್ನಿನಲ್ಲಿದ್ದೂ ಅಂಬುಜಾ ಇದನ್ನು ನೋಡಿರಲಿಲ್ಲ.

ಮಗಳ ದೋಣಿಯನ್ನು ನೋಡಿದ್ದೂ ಇದೇ ಮೊದಲು. ಎರಡು ವರ್ಷದ ಹಿಂದೆ ಪ್ರತೀಕ್ಷಾ ವಕೀಲರ ಕಂಪನಿಯ ಕೆಲಸ ಬಿಟ್ಟು, ದೋಣಿ ಎಂಜಿನ್ ರಿಪೇರಿ ಕಲಿತು, ಇದರಲ್ಲೇ ಮನೆ ಮಾಡಿಕೊಂಡಿದ್ದಳು. ಅವಳ ಅಪ್ಪ ನರಸಿಂಹಮೂರ್ತಿ, “ನೀರಿನ ಮೇಲೆ ಸಂಸಾರವಂತೆ, ನಾನಂತೂ ಆ ಕಡೆ ಕಾಲಿಡಲ್ಲ” ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡಿದ್ದರು. ಅಂಬುಜಾ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಕೆಂಟನ್‌ನ ಕನ್ನಡಿಗರ ಯುಗಾದಿ ಕೂಟದಲ್ಲಿ ಯಾರೋ ಮಗಳ ವಿಷಯ ಕೇಳಿದಾಗ, ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ, “ಎಡಿನ್‌ಬರೋದಲ್ಲಿದಾಳೆ, ದೊಡ್ಡ ಕಂಪನಿ” ಅಂದುಬಿಟ್ಟಿದ್ದಳು. ಆ ಸುಳ್ಳು ವಾರದೊಳಗೆ ಮಗಳನ್ನೇ ಮುಟ್ಟಿತ್ತು. “ನೀನು ನನ್ನ ಬೈದಿದ್ರೆ ಐ ವುಡ್ ಹ್ಯಾವ್ ಬೀನ್ ಫೈನ್ ಅಮ್ಮ. ನೀನು ನನ್ನ ಬಚ್ಚಿಟ್ಟೆ,” ಎಂದು ಫೋನಿಟ್ಟವಳು ಆಮೇಲೆ ಹುಟ್ಟುಹಬ್ಬಕ್ಕೊಂದು ಮೆಸೇಜು ಬಿಟ್ಟರೆ ಮಾತೇ ಆಡಿರಲಿಲ್ಲ.

ಅಂಬುಜಾ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸದಿಂದ ನಿವೃತ್ತಳಾದ ಮೇಲೆ ಅಲ್ಲಿಯವರದೇ ವಾಕಿಂಗ್ ಗುಂಪು ಸೇರಿದ್ದಳು. ಶನಿವಾರ ಶನಿವಾರ ಮನೆ ಹತ್ತಿರದ ಹ್ಯಾರೋ ಗುಡ್ಡ ಹತ್ತಿ ಇಳಿಯುವುದು. ಒಂದು ದಿನ ಆ ಗುಡ್ಡದ ಮೇಲಿನ ಬೆಂಚಿನಲ್ಲಿ ಕೂತು, ಯೋಚನೆ ಮಾಡಿದರೆ ಧೈರ್ಯ ಹೋಗುತ್ತದೆಂದು ಬೇಗಬೇಗ ಟೈಪ್ ಮಾಡಿ ಕಳಿಸಿದ್ದಳು: “ಪುಟ್ಟಿ, ಇಬ್ಬರೂ ಯಾವುದಾದರೂ ನಿಜವಾದ ಬೆಟ್ಟ ಹತ್ತೋಣವಾ?” ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ರೈಲಿನ ಸಮಯ ಬಂತು, ಜೊತೆಗೆ ಈ ಕಾಲುವೆಯ ಲೊಕೇಶನ್.

ಬೆಳಿಗ್ಗೆ ಬಂದಾಗಿನಿಂದಲೂ ಮಗಳು ಹಗ್ಗ, ರಕ್‌ಸ್ಯಾಕು, ರೈಲು ಇಷ್ಟರ ಮಾತನ್ನೇ ಆಡಿದ್ದಳು. ಕಾಫಿ ಕೊಟ್ಟಳು. ಅಪ್ಪಿಕೊಳ್ಳಲಿಲ್ಲ.

ಮೇಲಿನ ಬಾಗಿಲು ಮುಚ್ಚಿತು. ಮಗಳು ಹೇಳಿಕೊಟ್ಟಂತೆ ಅಂಬುಜಾ ಕೆಳಗಿನ ಬಾಗಿಲಿಗೆ ಹೋಗಿ ಕಬ್ಬಿಣದ ಹಿಡಿಯನ್ನು ತಿರುವಿದಳು. ಬಾಗಿಲಿನಾಚೆ ನೀರು ಭೋರೆಂದು ಹೊರಬಿತ್ತು. ದೋಣಿ ಇಳಿಯತೊಡಗಿತು.

“ಈಗ ಆ ಬಾಗಿಲಿಗೆ ಒರಗಿ ನಿಂತಿರು. ಎರಡೂ ಕಡೆ ನೀರು ಸಮ ಆಗೋವರೆಗೂ ಎಷ್ಟು ತಳ್ಳಿದ್ರೂ ಅದು ಅಲ್ಲಾಡಲ್ಲ,” ಎಂದಳು ಪ್ರತೀಕ್ಷಾ. ಆಗಲೇ ಅವಳ ತಲೆ ಕಾಲುವೆಯ ದಂಡೆಯ ಮಟ್ಟಕ್ಕಿಳಿದಿತ್ತು.

“ಅಯ್ಯೋ, ಅಂಬುಜಾ ಮೇಡಮ್! ನೀವಾ?”

ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಕಾಲುವೆ ದಂಡೆಯಲ್ಲಿ ಆಫೀಸಿಗೆ ಹೊರಟಿದ್ದ ಸತ್ಯಪ್ರಕಾಶ ನಿಂತುಬಿಟ್ಟಿದ್ದ. ಕೆಂಟನ್‌ನ ಕೂಟಗಳನ್ನೆಲ್ಲ ನಡೆಸುವವನು, ಮುನ್ನೂರು ಜನರ ವಾಟ್ಸಾಪ್ ಗುಂಪಿನ ಯಜಮಾನ. “ಏನ್ ಮೇಡಮ್, ಬೋಟ್ ಟೂರಾ? ಸಾರ್ ಬಂದಿಲ್ವಾ? ಮಗಳು ಎಡಿನ್‌ಬರೋದಲ್ಲಿ ಆರಾಮಾ?”

ಅಂಬುಜಾಳ ಬೆನ್ನಿಗೆ ಮರ ತಣ್ಣಗೆ ಹತ್ತಿತು. ಬಿಟ್ಟು ಹೋಗುವಂತಿಲ್ಲ. ದೋಣಿಯಲ್ಲಿ ನಿಂತ ಮಗಳು ಈಗ ಕಾಣಿಸುತ್ತಿರಲಿಲ್ಲ. ಆದರೆ ಎಂಜಿನ್ನಿನ ಸದ್ದು ಸಣ್ಣದಾಗಿತ್ತು. ಅವಳೇ ಸಣ್ಣ ಮಾಡಿದ್ದಿರಬೇಕು. “ಹೂಂ, ಆರಾಮು” ಅಂದರೆ ಸಾಕಾಗಿತ್ತು. ಆ ಮನುಷ್ಯನಿಗೂ ಆಫೀಸಿಗೆ ಹೊತ್ತಾಗಿತ್ತು.

“ಎಡಿನ್‌ಬರೋ ಇಲ್ಲ, ಗಿಡಿನ್‌ಬರೋ ಇಲ್ಲ ಸತ್ಯಪ್ರಕಾಶ್,” ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. “ಅವಳು ಅಲ್ಲಿಗೆ ಹೋಗೇ ಇಲ್ಲ. ನಾನು ಸುಳ್ಳು ಹೇಳಿದ್ದೆ, ನಾಚಿಕೆ ಪಟ್ಕೊಂಡು. ನೋಡಿ, ಇಲ್ಲಿ ಕೆಳಗಿದಾಳೆ. ದೋಣಿ ಅವಳದ್ದೇ. ಅಲ್ಲೇ ಇರ್ತಾಳೆ. ಎಂಜಿನ್ ರಿಪೇರಿ ಮಾಡ್ತಾಳೆ.”

ಸತ್ಯಪ್ರಕಾಶ ಅಂಚಿಗೆ ಬಂದು ಬಗ್ಗಿ ನೋಡಿದ. ಪಾಚಿ ಹಿಡಿದ ಗೋಡೆಗಳ ನಡುವೆ, ಎಂಟಡಿ ಕೆಳಗೆ, ಪ್ರತೀಕ್ಷಾ ತಲೆಯೆತ್ತಿ ನಿಂತಿದ್ದಳು.

“ಹಾಯ್ ಅಂಕಲ್,” ಎಂದಳು.

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. “ಡೀಸೆಲ್ ಎಂಜಿನ್ನಾ?” ಎಂದು ಕೇಳಿದ. ಹೌದೆಂದಳು. “ನಮ್ಮ ತಂದೆಯವರೂ ಹಾಸನದಲ್ಲಿ ಪಂಪ್‌ಸೆಟ್ ರಿಪೇರಿ ಮಾಡ್ತಿದ್ರು,” ಎಂದವನು, ಅದನ್ನು ಇಲ್ಲಿ ಯಾರಿಗೂ ಹೇಳಿಯೇ ಇರಲಿಲ್ಲವೆಂಬಂತೆ ಆಚೀಚೆ ನೋಡಿದ. ಆಮೇಲೆ ಫೋನ್ ತೆಗೆದ. “ಒಂದು ಫೋಟೋ ಹೊಡೀಲಾ ಮೇಡಮ್? ಗ್ರೂಪಿಗೆ ಹಾಕಬಹುದಾ?”

ಅಂಬುಜಾ ಕೆಳಗೆ ನೋಡಿದಳು. ಮಗಳು ಅವಳನ್ನೇ ನೋಡುತ್ತಿದ್ದಳು.

“ಹಾಕಿ,” ಎಂದಳು ಅಂಬುಜಾ. “ಹೆಸರು ಬರೆದೇ ಹಾಕಿ. ಪ್ರತೀಕ್ಷಾ ನರಸಿಂಹಮೂರ್ತಿ, ಬೋಟ್ ಮೆಕ್ಯಾನಿಕ್.”

ಅವನು ಹೋದ. ನೀರಿನ ಭೋರ್ಗರೆತ ತಗ್ಗಿ ತಗ್ಗಿ ನಿಂತಿತು. ಅಂಬುಜಾ ಬೆನ್ನು ಒತ್ತಿದಳು. ಇಷ್ಟು ಹೊತ್ತು ಗೋಡೆಯಂತಿದ್ದ ಬಾಗಿಲು ಈ ಸಲ ಹಟ ಮಾಡದೆ ಹಿಂದಕ್ಕೆ ಸರಿಯಿತು. ಒಂದೊಂದೇ ಹೆಜ್ಜೆ ಹಿಂದೆ ಇಡುತ್ತ ಅವಳು ಅದನ್ನು ಪೂರ್ತಿ ತೆರೆದಳು. ಅವಳ ಕಾಲಿನ ಕೆಳಗೆ, ಗೋಡೆಯ ಪಕ್ಕದಲ್ಲೇ ದೋಣಿ ಹೊರಗೆ ಸಾಗಿತು.

ದೋಣಿ ಕಟ್ಟಿ, ಬೀಗ ಹಾಕಿ, ಇಬ್ಬರೂ ಯೂಸ್ಟನ್‌ಗೆ ಓಡಿದರು. ರೈಲಿಗೆ ಮೂರು ನಿಮಿಷವಿತ್ತು. ಕೂತು ಸುಧಾರಿಸಿಕೊಂಡ ಮೇಲೆ ಪ್ರತೀಕ್ಷಾ ಕೇಳಿದಳು: “ಯಾಕಮ್ಮ ಹಾಗಂದೆ? ಯೂ ಡಿಡಂಟ್ ಹ್ಯಾವ್ ಟು.”

“ಇನ್ನೊಂದು ಸಲ ಆ ಸುಳ್ಳು ಹೇಳೋಕೆ ನನ್ನ ಕೈಲಿ ಆಗಲಿಲ್ಲ ಕಣೇ.” ಅಂಬುಜಾ ಕಿಟಕಿಯ ಕಡೆ ನೋಡುತ್ತ ಮುಂದುವರಿಸಿದಳು. “ನಿಜ ಹೇಳ್ತೀನಿ ಕೇಳು. ನಿನ್ನನ್ನ ವಾಪಸ್ ಕರ್ಕೊಂಡು ಬರೋಣ ಅಂತಲೇ ಈ ಬೆಟ್ಟ ಗಿಟ್ಟ ಎಲ್ಲ ಹೂಡಿದ್ದು. ನಾಲ್ಕು ದಿನ ಇದೆಯಲ್ಲ, ಮೆಲ್ಲಗೆ ಒಪ್ಪಿಸೋಣ ಅಂತ.”

“ಗೊತ್ತಿತ್ತು,” ಎಂದಳು ಮಗಳು.

“ಗೊತ್ತಿದ್ದೂ ಬಂದ್ಯಾ?”

“ನೀನು ಬರ್ತೀಯಲ್ಲ ಅಂತ ಬಂದೆ.”

ವ್ಯಾಟ್‌ಫರ್ಡ್ ದಾಟಿದ ಮೇಲೆ ರೈಲಿನ ಪಕ್ಕದಲ್ಲೇ ಸ್ವಲ್ಪ ದೂರ ಕಾಲುವೆ ಬಂತು, ಮರೆಯಾಯಿತು, ಮತ್ತೆ ಬಂತು. ಅಂಬುಜಾ ಡಬ್ಬಿ ಬಿಚ್ಚಿ ಮಗಳಿಗೆ ಚಪಾತಿ ಸುರುಳಿ ಕೊಟ್ಟಳು. ಪ್ರತೀಕ್ಷಾ ತಿಂದು, ಕೇಳದೆಯೇ ಎರಡನೆಯದಕ್ಕೆ ಕೈ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ತುಂಬ ಬೆಟ್ಟಗಳಿದ್ದವು.

ಮಾರನೆಯ ದಿನ ಬೆಟ್ಟದ ಬುಡದ ಊರಾದ ಕೆಸ್‌ವಿಕ್‌ನಿಂದ ಹತ್ತಲು ಶುರುಮಾಡಿದರು. ಹ್ಯಾರೋ ಗುಡ್ಡ ಇದರ ಮುಂದೆ ಮೆಟ್ಟಿಲಷ್ಟೂ ಅಲ್ಲ ಎಂದು ಅರ್ಧ ಗಂಟೆಯಲ್ಲೇ ಅಂಬುಜಾಗೆ ತಿಳಿಯಿತು. ಉಸಿರು ಕಿವಿಯಲ್ಲಿ ಕೇಳಿಸಿತು. “ನೀನು ಮುಂದೆ ಹೋಗು” ಎಂದರೂ ಮಗಳು ಹೋಗಲಿಲ್ಲ. ಹತ್ತು ಹೆಜ್ಜೆ, ಒಂದು ನಿಲುಗಡೆ. ಹಾಗೆಯೇ ಹತ್ತಿ ಹತ್ತಿ, ಬೆಟ್ಟದ ಏಣಿನ ಮೇಲೆ ಬಂದಾಗ ಗಾಳಿ ಮುಖಕ್ಕೆ ಬಡಿಯಿತು, ಅಂಬುಜಾಳ ಜೇಬಿನಲ್ಲಿ ಫೋನು ಒಂದರ ಮೇಲೊಂದು ಕಿಣಿಕಿಣಿ ಎಂದಿತು. ನಿನ್ನೆ ಮಧ್ಯಾಹ್ನ ಬೆಟ್ಟಗಳ ನಡುವೆ ಹೋಗಿದ್ದ ಸಿಗ್ನಲ್ ಮತ್ತೆ ಬಂದಿತ್ತು. ಗ್ರೂಪಿನ ಫೋಟೋದ ಕೆಳಗೆ ಯಾರ್ಯಾರದೋ ಮಾತು, ಪ್ರಶ್ನೆ, ಹೂವಿನ ಚಿತ್ರಗಳು. ಅವನ್ನೆಲ್ಲ ದಾಟಿ ಕೆಳಗೆ, ಅವಳಿಗೆ ಮಾತ್ರ ಬಂದಿದ್ದ ನರಸಿಂಹಮೂರ್ತಿಗಳ ಎರಡು ಮೆಸೇಜು.

“ಫೋಟೋ ನೋಡಿದೆ,” ಎಂದಿತ್ತು ಮೊದಲನೆಯದು. ಎರಡನೆಯದು ಆಮೇಲೆ, ಮೂರು ಗಂಟೆ ಬಿಟ್ಟು ಬಂದಿತ್ತು: “ದೋಣಿ ಹತ್ರ ಕಾರ್ ನಿಲ್ಲಿಸೋಕೆ ಜಾಗ ಇದೆಯಾ?”

ಅಂಬುಜಾ ಫೋನನ್ನು ಮಗಳ ಕೈಗೆ ಕೊಟ್ಟಳು. ಪ್ರತೀಕ್ಷಾ ಓದಿದಳು. ಇನ್ನೊಂದು ಸಲ ಓದಿದಳು. ಮೂಗು ಒರೆಸಿಕೊಂಡು, ಬಗ್ಗಿ ಏನೋ ಟೈಪ್ ಮಾಡತೊಡಗಿದಳು. ಅಂಬುಜಾ ಇಣುಕಲು ಹೋಗಲಿಲ್ಲ.

ಮುಂದಿನ ಕಾಲುದಾರಿಯ ನಡುವೆ ಒಂದು ಬೂದು ಕುರಿ, ಅದರ ಪಕ್ಕದಲ್ಲಿ ಕಪ್ಪನೆಯ ಮರಿ. ಎರಡೂ ದಾರಿ ಬಿಡದೆ ಹುಲ್ಲು ಮೇಯುತ್ತಿದ್ದವು. ಅಂಬುಜಾ ಬಂಡೆಯೊಂದರ ಮೇಲೆ ಕೂತು, ಅವು ತಾವಾಗಿ ಸರಿಯಲಿ ಎಂದು ಕಾದಳು. ಕಣಿವೆಯಿಂದ ಮೇಲೆದ್ದ ಮೋಡವೊಂದು ಕುರಿಗಳನ್ನು ಒಂದು ಗಳಿಗೆ ಮುಚ್ಚಿ, ಮತ್ತೆ ಬಿಟ್ಟುಕೊಟ್ಟು, ಏಣನ್ನು ದಾಟಿ ಆಚೆಗೆ ಹೋಯಿತು.