ಅತ್ತಿಗೆ ಬೆಟ್ಟ ಹತ್ತಿದ್ದು

ನಾದಿನಿಗೆ ಬೆಟ್ಟದ ಹುಚ್ಚು, ಅತ್ತಿಗೆಗೆ ಮಂಚದ ಹುಚ್ಚು ಎಂದು ಗಲ್ಲಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಅತ್ತಿಗೆ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ವಾರವೆಲ್ಲ ಲಾಂಡ್ರಿಯ ಕೌಂಟರಿನ ಹಿಂದೆ ನಿಂತು ಕಾಲು ಊದಿಸಿಕೊಳ್ಳುವವಳಿಗೆ ಭಾನುವಾರ ಮಲಗುವ ಹಕ್ಕಿದೆ ಎಂಬುದು ಅವಳ ವಾದ.

ಅಂಗಡಿ ಗಲ್ಲಿಯ ಮೂಲೆಯಲ್ಲಿತ್ತು, ಮನೆ ಅದರ ಮೇಲೆ. ಗಂಡ ವ್ಯಾನಿನಲ್ಲಿ ಹೋಟೆಲುಗಳಿಂದ, ಮನೆಗಳಿಂದ ಬಟ್ಟೆ ತರುತ್ತಿದ್ದ, ಒಗೆದದ್ದನ್ನು ತಲುಪಿಸುತ್ತಿದ್ದ. ಅತ್ತಿಗೆ ಗಿರಾಕಿಗಳನ್ನು ಸಂಭಾಳಿಸುತ್ತಿದ್ದಳು. ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದಿದ್ದ ನಾದಿನಿಯದು ಕಲೆ ತೆಗೆಯುವ ಕೆಲಸ. ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಹಬೆಗೆ ಸದಾ ಮಂಜಾಗಿರುತ್ತಿದ್ದ ಕಿಟಕಿಯ ಪಕ್ಕ ಕುಳಿತು, ಶಾಯಿ, ತುಕ್ಕು, ವೈನು, ಲಿಪ್‌ಸ್ಟಿಕ್ಕು ಎಲ್ಲವನ್ನೂ ಬಟ್ಟೆಗೆ ನೋವಾಗದಂತೆ ತೆಗೆಯುತ್ತಿದ್ದಳು. ಕೆಲಸ ಮಾಡುತ್ತ ಗುನುಗುತ್ತಿದ್ದಳು. ಭಾನುವಾರ ಬೆಳಕು ಹರಿಯುವ ಮೊದಲೇ ಬೂಟು ಕಟ್ಟಿ, ಗೆಳೆಯರ ಗುಂಪಿನ ಜೊತೆ ಮೊದಲ ಬಸ್ಸು ಹಿಡಿಯುತ್ತಿದ್ದಳು.

ಊರಾಚೆಯ ಬೆಟ್ಟಗಳೇನೂ ಆಕಾಶ ಮುಟ್ಟುವಂಥವಲ್ಲ. ಬುಡದಿಂದ ನೆತ್ತಿಯವರೆಗೆ ಕಾಡು ಹೊದ್ದು, ಒಂದರ ಹೆಗಲ ಮೇಲೊಂದು ಕೈ ಹಾಕಿ ಕುಳಿತಂಥ ಗುಡ್ಡಗಳು. ಆದರೂ ಅಲ್ಲೇ, ದೊಡ್ಡ ಬೆಟ್ಟದ ನೆತ್ತಿಗಿಂತ ಸ್ವಲ್ಪ ಕೆಳಗಿನ ಬಂಡೆಯಿಂದ ಜಾರಿ ನಾದಿನಿ ಕಾಲು ಮುರಿದುಕೊಂಡಳು.

ಮೂಳೆಗೆ ರಾಡು ಹಾಕಿದರು. ತಿಂಗಳುಗಳ ನಂತರ ಡಾಕ್ಟರು, ಇನ್ನು ಎಲ್ಲಿಗೆ ಬೇಕಾದರೂ ಹೋಗಿ ಎಂದರು. ಅವಳು ಎಲ್ಲಿಗೂ ಹೋಗಲಿಲ್ಲ. ಬೂಟು ಅಟ್ಟ ಸೇರಿತು. ಗುಂಪಿನವರು ಫೋನು ಮಾಡಿ ಮಾಡಿ ಸುಮ್ಮನಾದರು. ಕಲೆಗಳು ಮೊದಲಿನ ಹಾಗೇ ಹೋಗುತ್ತಿದ್ದವು, ಆದರೆ ಹಿಂದಿನ ಕೋಣೆಯಿಂದ ಗುನುಗು ಕೇಳುತ್ತಿರಲಿಲ್ಲ. ಮನೆಯ ಗಂಡಸು ಇದನ್ನು ಗಮನಿಸಲೇ ಇಲ್ಲ. ಅತ್ತಿಗೆಗೆ ಮಾತ್ರ ಆ ಮೌನ ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು.

ಅಷ್ಟರಲ್ಲಿ ಅತ್ತಿಗೆಯ ರಕ್ತದಲ್ಲಿ ಸಕ್ಕರೆ ಏರಿತು. ದಿನಾ ನಡೆಯಬೇಕು, ಸಾಧ್ಯವಾದರೆ ಏರುದಾರಿಯೂ ಒಳ್ಳೆಯದೇ ಎಂದು ಡಾಕ್ಟರು ಹೇಳಿದರಂತೆ. ಏರುದಾರಿಯ ಮಾತು ಡಾಕ್ಟರದೋ ಇವಳದೋ ಯಾರಿಗೂ ಗೊತ್ತಿಲ್ಲ. ಮನೆಗೆ ಬಂದವಳೇ ನಾದಿನಿಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತಳು.

“ಈ ಭಾನುವಾರ ನನ್ನ ಯಾವುದಾದ್ರೂ ಗುಡ್ಡಕ್ಕೆ ಕರ್ಕೊಂಡು ಹೋಗು.”

“ನೀವಾ? ಮಹಡಿ ಮೆಟ್ಲು ಹತ್ತೋಕೆ ನಡುವೆ ರೆಸ್ಟ್ ತಗೋತೀರಲ್ಲ ಅತ್ತಿಗೆ.”

“ಅದಕ್ಕೇ ಹೇಳ್ತಿರೋದು. ಒಬ್ಳೇ ಹೋದ್ರೆ ಅಲ್ಲೇ ಎಲ್ಲೋ ಕೂತುಬಿಡ್ತೀನಿ. ಆಮೇಲೆ ನಿಮ್ಮಣ್ಣ ನನ್ನ ಹೊತ್ಕೊಂಡು ಬರಬೇಕಾಗುತ್ತೆ. ಅವರ ಸೊಂಟ ನೋಡಿದ್ಯಲ್ಲ.”

ನಾದಿನಿ ಆಗಲ್ಲ ಎಂದಳು. ಅತ್ತಿಗೆ ಸೊಪ್ಪು ಹಾಕಲಿಲ್ಲ. ಊಟಕ್ಕೆ ಕೂತಾಗ, ಬಟ್ಟೆಗೆ ಚೀಟಿ ಚುಚ್ಚುವಾಗ, ಹ್ಯಾಂಗರು ಎಣಿಸುವಾಗ ಅದೇ ರಾಗ. ಕೊನೆಗೆ ಅವಳ ಬಾಯಿ ಮುಚ್ಚಿಸಲಿಕ್ಕಾದರೂ ಸರಿ ಎಂದು ನಾದಿನಿ ಅಟ್ಟದಿಂದ ಬೂಟು ಇಳಿಸಿದಳು.

ಮೊದಲ ಗುಡ್ಡ ಎಷ್ಟು ಚಿಕ್ಕದೆಂದರೆ ಬಸ್ಸಿನಿಂದಲೇ ಅದರ ನೆತ್ತಿ ಕಾಣುತ್ತಿತ್ತು. ಅತ್ತಿಗೆ ಹೆಗಲಿಗೆ ವ್ಯಾನಿಟಿ ಬ್ಯಾಗು ಹಾಕಿಕೊಂಡು ಬಂದಿದ್ದಳು. ಕಂಡ ಕಲ್ಲಿನ ಮೇಲೆಲ್ಲ ಕುಳಿತಳು. ಬೆಟ್ಟ ಮಾಡಿದವರನ್ನು, ಡಾಕ್ಟರನ್ನು, ತನಗೆ ಸಿಹಿಯ ರುಚಿ ಹತ್ತಿಸಿದ ಸೋದರಮಾವನನ್ನು ಸಾಲಾಗಿ ಬೈದಳು. ಹೆಜ್ಜೆ ಚಿಕ್ಕದಿರಲಿ, ಪೂರ್ತಿ ಪಾದ ಊರಿ, ಹತ್ತುವಾಗ ಮಾತಾಡಬೇಡಿ ಎಂದು ನಾದಿನಿ ಹೇಳಿಕೊಟ್ಟಳು. ಮೊದಲೆರಡನ್ನು ಅತ್ತಿಗೆ ಬೇಗ ಕಲಿತಳು. ಮೂರನೆಯದು ಅವಳ ಜಾಯಮಾನಕ್ಕೆ ಒಗ್ಗುವಂಥದ್ದಾಗಿರಲಿಲ್ಲ.

ಆ ದಿನ ಅರ್ಧಕ್ಕೇ ಹಿಂತಿರುಗಿದರು. ಮುಂದಿನ ಸಲ ಪೂರ್ತಿ ಹತ್ತಿದರು. ಆಮೇಲೆ ಅದರ ಪಕ್ಕದ ಗುಡ್ಡ, ಅದರಾಚೆಯದು. ಅತ್ತಿಗೆ ಹಬ್ಬಕ್ಕೆ ಸೀರೆ ಕೊಳ್ಳುವಷ್ಟು ಸಂಭ್ರಮದಿಂದ ತನಗೊಂದು ಜೊತೆ ಬೂಟು ಕೊಂಡಳು. ಮಳೆ ಬಿದ್ದ ಮೇಲೆ ಕಾಡಿನ ನೆಲ ಎಷ್ಟು ಮೆತ್ತಗಾಗುತ್ತದೆ ಎಂದು ಗಿರಾಕಿಗಳಿಗೆ ಅವರು ಕೇಳದಿದ್ದರೂ ವಿವರಿಸತೊಡಗಿದಳು. ಅವಳ ಸಕ್ಕರೆ ಇಳಿಯಿತು. ನಾದಿನಿಯ ಮುಖಕ್ಕೆ ಬಣ್ಣ ಬಂತು. ಆದರೆ ಬಸ್ಸು ದೊಡ್ಡ ಬೆಟ್ಟದ ತಿರುವಿನಲ್ಲಿ ನಿಂತಾಗಲೆಲ್ಲ ಅವಳು ಇನ್ನೊಂದು ಕಡೆಯ ಕಿಟಕಿ ನೋಡುತ್ತಿದ್ದಳು.

ಒಂದು ಭಾನುವಾರ ಅತ್ತಿಗೆ ಆ ತಿರುವಿನಲ್ಲಿ ಎದ್ದು ನಿಂತು, ಇಲ್ಲೇ ಇಳಿಯೋಣ ಎಂದಳು. ಬಸ್ಸಿನವರೆಲ್ಲ ನೋಡುತ್ತಿದ್ದುದರಿಂದ ನಾದಿನಿಗೆ ಜಗಳವಾಡಲು ಆಗಲಿಲ್ಲ.

ಕಾಡಿನ ದಾರಿಯುದ್ದಕ್ಕೂ ನಾದಿನಿ ಚೆನ್ನಾಗಿಯೇ ನಡೆದಳು. ಮರಗಳು ಸರಿದು ಬಂಡೆ ಕಂಡದ್ದೇ ತಡ, ಅವಳ ನಡಿಗೆ ನಿಧಾನವಾಯಿತು. ಅದೇನು ಭಾರಿ ಬಂಡೆಯಲ್ಲ. ಎರಡಾಳೆತ್ತರ, ಕೈಗೆ ಸಿಗುವಂಥ ಬಿರುಕುಗಳೂ ಇದ್ದವು. ಆದರೆ ಅವಳು ಬುಡದಲ್ಲೇ ಕುಸಿದು ಕುಳಿತಳು. ಅತ್ತಿಗೆ ಒಂದು ಮಾತೂ ಆಡದೆ ಪಕ್ಕದಲ್ಲಿ ಕುಳಿತು ಮೊಟ್ಟೆಯ ಸಿಪ್ಪೆ ಸುಲಿದು ಕೊಟ್ಟಳು. ಅತ್ತಿಗೆಯ ಮೌನ ಅಪರೂಪದ ವಸ್ತು. ಅದಕ್ಕೇ ಇರಬೇಕು, ನಾದಿನಿ ಬಾಯಿ ಬಿಟ್ಟಳು.

“ಬಿದ್ದಿದ್ದಕ್ಕಲ್ಲ ಅತ್ತಿಗೆ ಹೆದರಿಕೆ. ಅವತ್ತು ನಾನೇ ಎಲ್ಲರಿಗಿಂತ ಹಿಂದೆ ಇದ್ದೆ. ಮಿಕ್ಕವರೆಲ್ಲ ಮೇಲೆ ಹೋಗಿಬಿಟ್ಟಿದ್ರು. ಕೂಗಿದೆ, ಯಾರಿಗೂ ಕೇಳಿಸ್ಲಿಲ್ಲ. ಅವರ ನಗು ಮಾತ್ರ ನನಗೆ ಕೇಳಿಸ್ತಾ ಇತ್ತು. ತುಂಬಾ ಹೊತ್ತು ಹಾಗೇ ಬಿದ್ದಿದ್ದೆ.”

“ಇದನ್ನ ಯಾಕೆ ಇಷ್ಟು ದಿನ ಹೇಳ್ಲಿಲ್ಲ?”

“ಹೇಳಿದ್ರೆ ಅವರಿಗೆ ಬೇಜಾರಾಗುತ್ತೆ. ಅವರದೇನೂ ತಪ್ಪಿರ್ಲಿಲ್ಲ. ಗಾಳಿ ಜೋರಿತ್ತು.”

ಅತ್ತಿಗೆ ಮೊಟ್ಟೆಯ ಸಿಪ್ಪೆಗಳನ್ನು ಬ್ಯಾಗಿಗೆ ತುಂಬಿಕೊಂಡಳು. ಆಮೇಲೆ ಹೇಳಿದಳು: “ನನ್ನ ಜೊತೆ ಬಂದ್ರೆ ಆ ಭಯ ಬೇಡ. ನಾನು ಯಾವತ್ತೂ ನಿನ್ನ ಹಿಂದೇನೇ ಇರ್ತೀನಲ್ಲ.”

ನಾದಿನಿ ಅಳುತ್ತಲೇ ನಕ್ಕಳು. ಅಂದು ಅಲ್ಲಿಂದಲೇ ಹಿಂತಿರುಗಿದರು.

ಎಲೆ ಉದುರುವ ಕಾಲಕ್ಕೆ ಮತ್ತೆ ಬಂದರು. ಈ ಸಲ ಹೊರಡಿಸಿದವಳು ನಾದಿನಿಯೇ. ಆದರೂ ಬಂಡೆಯ ಬುಡಕ್ಕೆ ಬಂದಾಗ ಬಿರುಕಿನ ಮೇಲೆ ಕೈಯಿಟ್ಟವಳು ಕೈ ತೆಗೆದಳು, ಮತ್ತೆ ಇಟ್ಟಳು, ಮತ್ತೆ ತೆಗೆದಳು. ಅತ್ತಿಗೆ ಹಿಂದೆ ನಿಂತು ಎಷ್ಟು ಹೊತ್ತು ಕಾದಾಳು. “ಸ್ವಲ್ಪ ಸರಿ, ನೋಡ್ತೀನಿ” ಎಂದು ನಾದಿನಿಯನ್ನು ಪಕ್ಕಕ್ಕೆ ತಳ್ಳಿ, ಅವಳು ಬೇಡ ಬೇಡ ಎನ್ನುತ್ತಿದ್ದರೂ ಬಂಡೆಗೆ ಕೈ ಹಾಕಿಯೇಬಿಟ್ಟಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಇದು ನಮ್ಮ ಮಹಡಿ ಮೆಟ್ಟಿಲಿಗಿಂತ ಸಲೀಸು ಎಂದು ಕೊಚ್ಚಿಕೊಂಡಳು. ಮೂರನೆಯ ಹೆಜ್ಜೆ ಇಟ್ಟವಳು ಕೆಳಗೆ ನೋಡಿದಳು, ನೋಡಬಾರದಿತ್ತು.

ಮಾತು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಅವಳದೇ ಎಂದು ಗುರುತು ಸಿಗದಷ್ಟು ತೆಳ್ಳಗಿನ ದನಿ ಬಂತು.

“ಬಾರೇ. ಮೇಲೂ ಹೋಗೋಕಾಗ್ತಿಲ್ಲ, ಕೆಳಗೂ ಬರೋಕಾಗ್ತಿಲ್ಲ.”

ನಾದಿನಿ ತಲೆಯೆತ್ತಿ ನೋಡಿದಳು. ಅತ್ತಿಗೆ ಹಲ್ಲಿಯಂತೆ ಬಂಡೆಗೆ ಅಂಟಿಕೊಂಡಿದ್ದಳು. ಊರಿದ್ದ ಕಾಲು ಹೊಲಿಗೆ ಮಿಷನ್ನಿನ ಸೂಜಿಯಂತೆ ನಡುಗುತ್ತಿತ್ತು. ಆ ಕಾಲು ಸೋತರೆ ಏನಾಗುತ್ತದೆ ಎಂದು ನಾದಿನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮರುಕ್ಷಣ ಅವಳು ಬಂಡೆಯಲ್ಲಿ ಅತ್ತಿಗೆಯ ಕಾಲ ಬಳಿಗೆ ಏರಿದ್ದಳು. ತಾನು ಹತ್ತುತ್ತಿದ್ದೇನೆ ಎಂಬುದೂ ಅವಳಿಗೆ ಹೊಳೆಯಲಿಲ್ಲ. ಅತ್ತಿಗೆಯ ಬಲಗಾಲನ್ನು ಹಿಡಿದು ಒಂದು ಬಿರುಕಿಗೆ ಸೇರಿಸಿದಳು.

“ನಾನು ಹಿಡ್ಕೊಂಡಿದೀನಿ. ಕೆಳಗೆ ನೋಡ್ಬೇಡಿ. ಎಡಗೈ ಮೇಲೆ ತಗೊಳ್ಳಿ. ಹಾಂ, ಅಲ್ಲಿ. ಈಗ ಎಡಗಾಲು.”

“ನಿನ್ನ ಕಾಲಲ್ಲಿ ರಾಡಿದೆ ಕಣೇ.”

“ಇರೋದು ಒಳ್ಳೇದೇ ಆಯ್ತು. ಗಟ್ಟಿಯಾಗಿದೆ. ನೀವು ಹತ್ತಿ.”

ಕೊನೆಯ ಎತ್ತರಕ್ಕೆ ಅತ್ತಿಗೆಯ ತೋಳಿನ ಬಲ ಸಾಲಲಿಲ್ಲ. ನಾದಿನಿ ಕೆಳಗಿನಿಂದ ಹೆಗಲು ಕೊಟ್ಟು, ಬಟ್ಟೆಯ ಮೂಟೆಯನ್ನು ವ್ಯಾನಿಗೆ ತುರುಕುವಂತೆ ನೂಕಿದಳು. ಅತ್ತಿಗೆ ಹೊಟ್ಟೆಯ ಮೇಲೆ ತೆವಳಿ ಮೇಲೇರಿದಳು. ಅವಳ ಹಿಂದೆಯೇ ನಾದಿನಿಯೂ ಬಂದಳು. ಇಬ್ಬರೂ ಅಂಗಾತ ಮಲಗಿ ಏದುಸಿರು ಬಿಟ್ಟರು. ಬೇಕೆಂತಲೇ ಸಿಕ್ಕಿಹಾಕಿಕೊಂಡಿರಾ ಎಂದು ನಾದಿನಿ ಕೇಳಿದಳು. ಅಷ್ಟು ಬುದ್ಧಿಯಿದ್ದಿದ್ದರೆ ನಿಮ್ಮಣ್ಣನನ್ನು ಯಾಕೆ ಮದುವೆಯಾಗುತ್ತಿದ್ದೆ, ಜೀವ ಬಾಯಿಗೆ ಬಂದಿತ್ತು ಎಂದಳು ಅತ್ತಿಗೆ. ನಾದಿನಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ನೆತ್ತಿ ಅಲ್ಲಿಂದ ಸ್ವಲ್ಪವೇ ದೂರ. ಹೋಗಿ ನೋಡಿದರೆ ಒಂದು ಕಲ್ಲುಗುಪ್ಪೆ, ಸುತ್ತ ಮರಗಳು. ದೂರದ ನೋಟ ಎಂಬುದೇ ಇರಲಿಲ್ಲ.

“ಇಷ್ಟೇನಾ?” ಎಂದಳು ಅತ್ತಿಗೆ.

“ಇಷ್ಟೇ.”

“ಇದಕ್ಕಾ ಇಷ್ಟು ವರ್ಷ ಬೆಳಗಾಗೋ ಮುಂಚೆ ಎದ್ದು ಓಡ್ತಿದ್ದೆ?” ಹಾಗೆ ಕೇಳಿದವಳು ಗುಪ್ಪೆಯ ಪಕ್ಕ ಕಾಲು ಚಾಚಿ ಕುಳಿತು, ಬಹಳ ಹೊತ್ತು ಏಳಲಿಲ್ಲ. ಎಲೆ ಕಳೆದುಕೊಂಡ ಕೊಂಬೆಗಳ ನಡುವಿನಿಂದ ಬಿಸಿಲು ಬೀಳುತ್ತಿತ್ತು. ಎಲ್ಲೋ ಒಂದು ಮರಕುಟಿಗ ಕುಟ್ಟುತ್ತಿತ್ತು. ಅತ್ತಿಗೆಯ ಅಂಗೈ ತರಚಿತ್ತು. ನಾದಿನಿ ಅದನ್ನು ನೀರಿನಿಂದ ತೊಳೆದು ಕರವಸ್ತ್ರ ಕಟ್ಟಿದಳು.

ಬಂದ ದಾರಿಯಲ್ಲಿ ಇಳಿಯಲು ಅತ್ತಿಗೆ ಸುತಾರಾಂ ಒಪ್ಪಲಿಲ್ಲ. ಬೆಟ್ಟದ ಆಚೆ ಮಗ್ಗುಲಲ್ಲಿ ನಾದಿನಿಯೂ ಎಂದೂ ನಡೆಯದ ಒಂದು ಕಾಲುದಾರಿಯಿತ್ತು. ಅದನ್ನೇ ಹಿಡಿದರು. ಒಣಗಿದೆಲೆಗಳು ಮೊಣಕಾಲಿನವರೆಗೆ ತುಂಬಿದ್ದವು. ದಾರಿ ತಪ್ಪಿದೆವೆಂದು ಎರಡು ಸಲ ಅನ್ನಿಸಿತು, ಎರಡು ಸಲವೂ ಮರದ ಕಾಂಡದ ಮೇಲಿನ ಬಿಳಿ ಬಣ್ಣದ ಗುರುತು ಸಿಕ್ಕಿತು. ಕತ್ತಲಾಗುವ ಮೊದಲೇ ಡಾಂಬರು ರಸ್ತೆ ಮುಟ್ಟಿದರು. ಭಾನುವಾರವಾದ್ದರಿಂದ ಆ ಕಡೆ ಬಸ್ಸಿರಲಿಲ್ಲ. ಅತ್ತಿಗೆ ಗಂಡನಿಗೆ ಫೋನು ಮಾಡಿ, ಬೆಟ್ಟದ ಆ ಕಡೆಯಿಂದ ಇಳಿದಿದ್ದೇವೆ, ವ್ಯಾನು ತನ್ನಿ ಎಂದಳು. ಅವನಿಗೆ ಅರ್ಥವಾಗಬೇಕಾದರೆ ಅದನ್ನೇ ಹಲವು ಸಲ ಹೇಳಬೇಕಾಯಿತು.

ಅವನು ಬಂದಾಗ ಇಬ್ಬರೂ ಮೈಲುಗಲ್ಲಿಗೆ ಒರಗಿ ಬಿಸ್ಕೆತ್ತು ತಿನ್ನುತ್ತಿದ್ದರು. ಅವನು ಹೆಂಡತಿಯ ಕೈಗೆ ಕಟ್ಟಿದ್ದ ಬಟ್ಟೆ ನೋಡಿದ, ತಂಗಿಯ ಕಾಲು ನೋಡಿದ, ಏನಾಯಿತೆಂದು ಕೇಳಿದ. ಅತ್ತಿಗೆ ಮುಂದಿನ ಸೀಟಿನಲ್ಲಿ ಕುಳಿತು ಶುರುಮಾಡಿದಳು. ಅವಳ ಬಾಯಲ್ಲಿ ಬಂಡೆ ಆಗಲೇ ನಾಲ್ಕಾಳೆತ್ತರವಾಗಿತ್ತು.

ನಾದಿನಿ ಹಿಂದೆ, ಮರುದಿನ ತಲುಪಿಸಬೇಕಿದ್ದ ಕೋಟುಗಳ ನಡುವೆ ಕುಳಿತಿದ್ದಳು. ಕಿಟಕಿಯ ಗಾಜು ಇಳಿಸಿದಳು. ರಸ್ತೆಯ ಎಡಕ್ಕೆ, ಸಂಜೆಯ ಬೆಳಕಿನಲ್ಲಿ, ಅವಳು ಇಲ್ಲಿಯವರೆಗೆ ಈ ಕಡೆಯಿಂದ ನೋಡಿಯೇ ಇರದ ಗುಡ್ಡಗಳ ಸಾಲೊಂದು ಕಾಣಿಸಿತು. ಅತ್ತಿಗೆಯ ಕಥೆ ಉಸಿರು ತೆಗೆದುಕೊಳ್ಳಲು ನಿಂತ ಸಂದಿನಲ್ಲಿ ನಾದಿನಿ ಮುಂದೆ ಬಾಗಿ ಕೇಳಿದಳು.

“ಅಣ್ಣ, ಅಲ್ಲಿಗೆ ಬಸ್ಸು ಹೋಗುತ್ತಾ?”