ಟಿಪ್ಪಣಿ ಬರೆದರೆ ಮೂಲ ಅಳಿಸುವುದಿಲ್ಲ

ಈ ಬಿಸಿಲಿಗೆ ಬೇರೆ ಜಾಗವೇ ಸಿಗಲಿಲ್ಲವೇನೋ, ಚಾಮರಾಜಪೇಟೆಯ ಅಷ್ಟು ದೊಡ್ಡ ರಸ್ತೆ ಬಿಟ್ಟು ಕಿಟಕಿಯ ಸರಳಿನ ಸಂದಿಯಿಂದ ತೂರಿ ಲ್ಯಾಪ್‌ಟಾಪಿನ ಮೇಲೆಯೇ ಬಂದು ಕೂತಿದೆ, ಒಂದಕ್ಷರ ಕಾಣುತ್ತಿಲ್ಲ, ಮಾನ್ಯ ಪರದೆಯನ್ನು ಓರೆ ಮಾಡಿದಳು, ಹಾಂ, ಈಗ ಕಂಡಿತು, ಮೂರನೆಯ ಹಂತ, ಯಾವ ಸಾಲಿನ ಬಗ್ಗೆ ಹೇಳಬೇಕೋ ಆ ಸಾಲನ್ನು ಆಯ್ದುಕೊಳ್ಳಿ, ಆಮೇಲೆ — ಆಮೇಲೆ ಏನು, ಆಫೀಸಿನ ವೇಣುಗೋಪಾಲ್ ಸರ್ ಹೇಳಿ ಹೇಳಿ ಸಾಕಾಗಿದ್ದಾರೆ, ನೋಡಮ್ಮ, ಪ್ರೆಸ್ಸಿನವರು ಓದೋ ಕೈಪಿಡಿ ಇದು, ಕಂಪ್ಯೂಟರ್ ಕಂಡ್ರೆ ಮೈಲಿ ದೂರ ಓಡೋರು, ನಿಮ್ಮಮ್ಮನಿಗೆ ಹೇಳೋ ಹಾಗೆ ಬರಿ, ಅಮ್ಮನೋ ಅಲ್ಲೇ ಬಾಗಿಲ ಬೆಳಕಿನಲ್ಲಿ ಕಾಲು ಚಾಚಿ ಕೂತು ಯಾರದೋ ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಾಳೆ, ಹಲ್ಲಲ್ಲಿ ದಾರ ಕಚ್ಚಿಕೊಂಡೇ ಏನೇ ಅದು ಬೆಳಗ್ಗಿಂದ ಟಕಟಕ ಅಂತ ಕುಟ್ತಿದೀಯ ಎನ್ನುತ್ತಾಳೆ, ಹೇಗೆ ಹೇಳುವುದು, ಅಮ್ಮಾ, ಇದೊಂದು ಸಾಫ್ಟ್‌ವೇರು, ವರ್ಡ್ ಫೈಲಲ್ಲಿ ಯಾರೋ ಬರೆದಿದ್ದನ್ನ ಮುಟ್ಟದೆ ಪಕ್ಕದಲ್ಲಿ ನಮ್ಮ ಮಾತು ಸೇರಿಸುತ್ತೆ, ನಿನ್ನ ಕುಚ್ಚಿನ ಹಾಗೆ, ನೇಯ್ದವನು ನೇಯ್ದಿದ್ದು ಹಾಗೇ ಇರುತ್ತೆ, ಅಂಚಲ್ಲಿ ಇದು ತೂಗುತ್ತೆ — ಅರೆ, ಇದು ಚೆನ್ನಾಗಿದೆ, ಬರೆದುಬಿಡಬೇಕು, ಟಿಪ್ಪಣಿ ಬರೆದರೆ ಮೂಲ ಅಳಿಸುವುದಿಲ್ಲ, ಬರೆದವರ ಹೆಸರು ಜೊತೆಗೇ ಬರುತ್ತದೆ, ಉಳಿಸು ಎಂಬುದನ್ನು ಒತ್ತಿದ ಕೂಡಲೇ ಫೈಲು ಹಂಚಿಕೊಂಡವರಿಗೆಲ್ಲ ಕಾಣುತ್ತದೆ.

ಉದಾಹರಣೆಗೊಂದು ಫೈಲು ಬೇಕಲ್ಲ, ಯಾವುದಾದರೂ ಆದೀತು, ಆದರೆ ಹಾಳು ಕಣ್ಣು ಹೋಗುವುದು ಒಂದೇ ಫೈಲಿನ ಕಡೆಗೆ, ಬೆಳಿಗ್ಗೆ ದೊಡ್ಡಪ್ಪ ಹಾಕಿದ ಲಗ್ನಪತ್ರಿಕೆಯ ಕರಡು, ಅವಳದೇ ಮದುವೆಯದು, ಚಿಕ್ಕಪೇಟೆಯ ಗಲ್ಲಿಯಲ್ಲಿ ದೊಡ್ಡಪ್ಪ ವಿಶ್ವಾರಾಧ್ಯರ ಮದುವೆ ಕಾರ್ಡಿನ ಅಂಗಡಿ, ಹಿಂದೆಯೇ ಪ್ರೆಸ್ಸು, ಈ ಸಾಫ್ಟ್‌ವೇರನ್ನು ಮೊದಲು ಬಳಸಿ ನೋಡಲು ಒಪ್ಪಿದವರೂ ಅವರೇ, ನಮ್ಮ ಹುಡುಗಿ ತಂದಿದ್ದು ಅಂದ್ಮೇಲೆ ಬೇಡ ಅಂತೀನಾ, ಅವರ ಮನೆತನದಲ್ಲಿ ಕರಡು ಹಿರಿಯರೆಲ್ಲರ ಕಣ್ಣಿಗೆ ಬಿದ್ದ ಮೇಲೆಯೇ ಅಚ್ಚಿಗೆ ಹೋಗುವುದು, ಎಲ್ಲರೂ ಹುಡುಕುವುದು ತಮ್ಮ ಹೆಸರನ್ನೇ, ನಮ್ಮ ಇನಿಷಿಯಲ್ ತಪ್ಪಾಗಿದೆ, ನಮ್ಮ ಅಳಿಯಂದಿರನ್ನ ಬಿಟ್ಬಿಟ್ಟಿದೀರಿ, ಹೇಳುವುದೇನಿದ್ದರೂ ಇವತ್ತೇ, ನಾಳೆ ಅಚ್ಚು — ದಿವಂಗತ ಮುರುಗೇಶ ಅವರ ಪುತ್ರಿ ಮಾನ್ಯ, ತಮ್ಮ ಸುಖಾಗಮನ ಬಯಸುವ ಶ್ರೀಮತಿ ಮತ್ತು ಶ್ರೀ ವಿಶ್ವಾರಾಧ್ಯ ಹಾಗೂ ಬಂಧುಮಿತ್ರರು, ಮೇಲಿಂದ ಓದಿದರೂ ಅಷ್ಟೇ, ಕೆಳಗಿಂದ ಓದಿದರೂ ಅಷ್ಟೇ, ಅಮ್ಮನ ಹೆಸರು ಎಲ್ಲೂ ಇಲ್ಲ, ಕಲ್ಯಾಣ ಮಂಟಪಕ್ಕೆ ದಾರಿ ಹೇಳುವ ಪೆಟ್ರೋಲ್ ಬಂಕಿಗೂ ಜಾಗ ಸಿಕ್ಕಿದೆ, ಅಮ್ಮನಿಗಿಲ್ಲ. ಅಪ್ಪನ ಸೋದರತ್ತೆ ಶೈಲಜಮ್ಮ ಮೊನ್ನೆಯೇ ಹೇಳಿದ್ದರು, ಗಂಡ ಹೋದೋಳು ಶುಭಕಾರ್ಯಕ್ಕೆ ಕರೆಯೋದು ನಮ್ಮಲ್ಲಿಲ್ಲ ಕಣೇ, ಅವಳೇನು ಬೇಜಾರು ಮಾಡ್ಕೊಳಲ್ಲ, ಅಮ್ಮನೂ ಹೋಗ್ಲಿ ಬಿಡೆ, ಕಾರ್ಡಲ್ಲೇನಿದೆ ಎಂದು ದಾರ ಎಳೆದಳು, ಎಳೆದ ರಭಸಕ್ಕೆ ದಾರ ಪಟ್ಟನೆ ಕಿತ್ತುಬಂತು, ಏನೂ ಇಲ್ಲವಂತೆ, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಲು ಅಮ್ಮ ಬೇಕು, ಊರವರ ಸೀರೆಗೆಲ್ಲ ಕುಚ್ಚು ಕಟ್ಟಿ ಓದಿಸಲು ಬೇಕು, ಮಗಳ ಮದುವೆಗೆ ಬನ್ನಿ ಎನ್ನಲು ಮಾತ್ರ ಬೇಡ.

ಹಾಗಂತ ದೊಡ್ಡಪ್ಪ ಕೆಟ್ಟವರೇ, ಛೆ, ಅಪ್ಪ ಹೋದ ಮೇಲೆ ಒಂದು ಹಬ್ಬಕ್ಕೂ ತಪ್ಪದೆ ಬಂದವರು, ಅವರೆದುರು ನಿಂತು ಇದು ಸರಿಯಿಲ್ಲ ಅನ್ನುವುದಾದರೂ ಹೇಗೆ, ನಿಮ್ಮ ಹೆಸರು ತೆಗೀರಿ ಅಂದಳು ಅಂದುಕೊಂಡರೆ, ನೊಂದುಕೊಂಡರೆ, ಮದುವೆ ಮನೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದರೆ — ಆದರೆ ಯಾರು ತೆಗೀರಿ ಅಂದರು, ಮೂಲ ಅಳಿಸುವುದಿಲ್ಲ ಎಂದು ಈಗಷ್ಟೇ ತಾನೇ ಬರೆದಿದ್ದಾಳಲ್ಲ, ಬೇರೆಯವರಿಗೆ ಹೇಳಿಕೊಡುವ ಧೈರ್ಯ ತನಗಿರಬೇಡವೇ, ಸುಖಾಗಮನ ಬಯಸುವ, ಆ ಸಾಲನ್ನು ಆಯ್ದುಕೊಂಡಳು, ಪಕ್ಕದಲ್ಲಿ ಪುಟ್ಟ ಚೌಕ ತೆರೆಯಿತು, ದೊಡ್ಡಪ್ಪ, ನಿಮ್ಮ ಹೆಸರು ಹಾಗೇ ಇರಲಿ, ಜೊತೆಗೆ ಅಮ್ಮನ ಹೆಸರೂ ಇರಲಿ, ನನ್ನ ಮದುವೆಗೆ ಅಮ್ಮ ಎಲ್ಲರನ್ನೂ ಕರೀಬೇಕು, ಅಳಿಸಿದಳು, ಮತ್ತೆ ಅದನ್ನೇ ಬರೆದಳು, ನಾಲ್ಕನೆಯ ಹಂತ, ಉಳಿಸು ಎಂಬುದನ್ನು ಒತ್ತಿ, ಕೈಪಿಡಿಯಲ್ಲಿ ಎಷ್ಟು ಸಲೀಸು, ಒತ್ತಿ ಅಂದರೆ ಆಯಿತು, ಒತ್ತುವವಳ ಎದೆ ಡವಡವ ಅನ್ನುವುದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲ, ಒತ್ತಿದಳು.

ಮುಗಿಯಿತು, ಇನ್ನು ಹಿಂದೆ ತೆಗೆದುಕೊಂಡರೂ ಅವರು ನೋಡಿರುತ್ತಾರೆ, ಪ್ರೆಸ್ಸಿನ ಸದ್ದಿನಲ್ಲಿ ನೋಡದೆಯೂ ಇರಬಹುದು, ಒಳ್ಳೆಯದೇ ಆಯಿತು, ಛೆ, ಒಳ್ಳೆಯದೇನು ಬಂತು, ನೋಡಲಿ, ಐದನೆಯ ಹಂತ, ಉತ್ತರ ಬಂದರೆ ನಿಮ್ಮ ಟಿಪ್ಪಣಿಯ ಕೆಳಗೇ ಕಾಣುತ್ತದೆ, ಹಾಗೆಂದು ಬರೆಯುತ್ತಿದ್ದಂತೆಯೇ ಚೌಕ ತುಸು ಉದ್ದವಾಯಿತು, ವಿಶ್ವಾರಾಧ್ಯ ಎಂಬ ಹೆಸರು, ಓದಲು ಹೆದರಿಕೆ, ಓದಿದಳು, ಶೈಲಜತ್ತೆಗೆ ನಾನು ಹೇಳ್ಕೋತೀನಿ, ಮಹಾನಂದ ಅಂತ ಮೇಲೆ ಬೇರೆ ಸಾಲಲ್ಲಿ ಹಾಕ್ಲಾ, ನಮ್ಮ ಹೆಸರಿನ ಜೊತೆಗೇ ಹಾಕ್ಲಾ, ಅಮ್ಮನ್ನ ಕೇಳಿ ಹೇಳು. ಅಮ್ಮಾ, ಬಾ ಇಲ್ಲಿ, ಯಾಕೆ ಅಳ್ತಿದೀಯೇ, ಅಳ್ತಿಲ್ಲ ಬಾರಮ್ಮ, ಅಮ್ಮ ಸೀರೆಯನ್ನು ಮಡಿಲಿಂದ ಸರಿಸಿ ಎದ್ದು ಬಂದಳು, ಕನ್ನಡಕ ಏರಿಸಿ ನಿಧಾನ ಓದಿದಳು, ಇನ್ನೊಮ್ಮೆ ಓದಿದಳು, ನನ್ನ ಕೇಳು ಅಂದಿದಾರಾ ಎಂದಳು, ಹೂಂ ಅಮ್ಮ, ನಿನ್ನನ್ನೇ, ಅಮ್ಮ ದಾರದ ಬಣ್ಣ ಹತ್ತಿದ ಬೆರಳನ್ನು ಪರದೆಯ ಮೇಲಿಟ್ಟು ತನ್ನ ಹೆಸರಿನ ಮೇಲೆ ಅಕ್ಷರ ಅಕ್ಷರವಾಗಿ ಆಡಿಸುತ್ತಿದ್ದಾಳೆ, ಮಹಾನಂದ, ಮುಗಿಯಿತೆಂದರೆ ಮತ್ತೆ ಮೊದಲಿಂದ, ಮಹಾನಂದ.